ಆರನೇ ಮಾತು

ನನ್ನ ಅಂಗಡಿಗೆ ಬಂದವರು ಹೆಲ್ಮೆಟ್ ಕೊಳ್ಳುವ ಮೊದಲು ಒಂದಿಷ್ಟು ಬೈಸಿಕೊಳ್ಳಬೇಕು. ಕುಶಾಲನಗರದಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಹೆಲ್ಮೆಟನ್ನು ಮೊಣಕೈಗೆ ಸಿಕ್ಕಿಸಿಕೊಂಡು ಬರುವವನನ್ನು ಕಂಡರೆ, ಮೆದುಳು ಅಲ್ಲಿಗೆ ಯಾವಾಗ ವರ್ಗವಾಯಿತು ಎಂದು ಕೇಳುತ್ತೇನೆ. ಪಟ್ಟಿ ಬಿಗಿಯದೆ ಹೆಲ್ಮೆಟನ್ನು ತಲೆಯ ಮೇಲೆ ಬರೀ ಕೂರಿಸಿಕೊಂಡು ಬರುವವರಿಗೆ ಅದಕ್ಕಿಂತ ಮಡಕೆ ಅಗ್ಗ ಎನ್ನುತ್ತೇನೆ. ರಸ್ತೆ ಬದಿಯಲ್ಲಿ ಟಾರ್ಪಾಲ್ ಹಾಸಿ ಮಾರುವವನ ಹತ್ತಿರ ಐಎಸ್‌ಐ ಸ್ಟಿಕ್ಕರ್ ಹಾಳೆಗಟ್ಟಲೆ ಸಿಗುತ್ತದೆ, ಬೇಕಾದರೆ ಹಣೆಗೇ ಅಂಟಿಸಿಕೊಂಡು ಹೋಗಿ ಎನ್ನುತ್ತೇನೆ. ಅರ್ಧ ಜನ ಮುನಿಸಿಕೊಂಡು ಹೋಗುತ್ತಾರೆ. ಉಳಿದರ್ಧ ಜನ ತಿರುಗಿ ಬರುತ್ತಾರೆ.

ಅಂಗಡಿಯ ಗೋಡೆಯ ಮೇಲೆ ಒಂದು ಹಲಗೆಯಿದೆ. ದೂರ ಪ್ರಯಾಣ ಹೋಗುವ ಬೈಕಿನವರಿಗಾಗಿ ನಾನೇ ಬಣ್ಣದಲ್ಲಿ ಬರೆದದ್ದು. ಹುಡುಗರು ಅದನ್ನು 'ಮಹೇಶಣ್ಣನ ಒಂಬತ್ತು ಮಾತು' ಎಂದು ತಮಾಷೆ ಮಾಡುತ್ತಾರೆ. ಒಮ್ಮೆ ಬಿದ್ದ ಹೆಲ್ಮೆಟ್ ಮತ್ತೆ ತಲೆಗೆ ಬೇಡ. ಭುಜ, ಮೊಣಕೈ, ಬೆನ್ನಿಗೆ ಪ್ಯಾಡ್ ಇಲ್ಲದ ಜಾಕೆಟ್ ಬರೀ ಅಂಗಿ. ಶೂ ಹರಡಿನ ಗಂಟಿಗಿಂತ ಮೇಲೆ ಬರಬೇಕು. ಎರಡು ಗಂಟೆಗೊಮ್ಮೆ ಇಳಿದು ನೀರು ಕುಡಿಯಬೇಕು, ನಿದ್ದೆ ಬಂದರೆ ಮಾನ ನೋಡದೆ ಎಲ್ಲಿಯಾದರೂ ಮಲಗಬೇಕು. ಹೀಗೆ ಹೋಗುತ್ತದೆ. ಆರನೆಯದು ಹೀಗಿತ್ತು: ನೆನೆದ ಹೆಲ್ಮೆಟ್ ನೆನೆದಂತೆ ಹಾಕಬೇಡಿ, ದಿನಾ ಒಣಗಿಸಿ.

ಇದನ್ನು ಬರೆಯಲು ಕಾರಣವಿತ್ತು. ಒಳಗಿನ ಬಟ್ಟೆ ಒದ್ದೆಯಾಗಿಯೇ ಇದ್ದರೆ ನಾರುತ್ತದೆ, ತಲೆ ಕೆರೆಯುತ್ತದೆ, ಆಮೇಲೆ ಮನುಷ್ಯ ಹೆಲ್ಮೆಟ್ಟನ್ನೇ ಬಿಡುತ್ತಾನೆ. ನಮ್ಮ ತಾತ ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಪಕ್ಕ ಜಮೀನು ಮಾಡಿದವರು. ನಾನು ಹುಟ್ಟಿದ್ದು ಬೆಳೆದದ್ದು ಎಲ್ಲ ಇಲ್ಲೇ. ಇಲ್ಲಿ ಮಳೆ ಬಂದರೂ ಮಧ್ಯೆ ಬಿಸಿಲು ಬರುತ್ತದೆ, ತಂತಿಯ ಮೇಲೆ ಹಾಕಿದ್ದು ಸಂಜೆಯೊಳಗೆ ಒಣಗುತ್ತದೆ. ಒಣಗಿಸಿ ಎಂದರೆ ನನ್ನ ಕಣ್ಣಮುಂದೆ ಬರುವುದು ಆ ತಂತಿ.

ರಂಜಿತಾ ಮತ್ತು ಅವಳ ತಾಯಿ ಹೊನ್ನಮ್ಮ ನನ್ನ ಅಂಗಡಿಗೆ ಬಂದದ್ದು ಹೋದ ವರ್ಷ ಮೇ ತಿಂಗಳಲ್ಲಿ. ಊರು ಮಡಿಕೇರಿಯಾಚೆ ಗಾಳಿಬೀಡು. ತಂದೆ ಬೋಜಪ್ಪ ಅಲ್ಲೇ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ರಂಜಿತಾ ಮಡಿಕೇರಿಯಲ್ಲಿ ಲ್ಯಾಬ್ ಟೆಕ್ನಿಷಿಯನ್, ಇಪ್ಪತ್ತಾರು ವಯಸ್ಸು. ಹೊಸ ಬೈಕ್ ತೆಗೆದುಕೊಂಡಿದ್ದಳು. ಕೆಲಸಕ್ಕೆ ಹೋಗಿ ಬರುವುದಕ್ಕಷ್ಟೇ ಅಲ್ಲ, ಕನ್ಯಾಕುಮಾರಿ, ಹಂಪಿ, ಆಮೇಲೆ ಒಂದು ದಿನ ಕಛ್ ತನಕ ಹೋಗಬೇಕೆಂಬ ಹಟ. ತಾಯಿ ಬೇಡ ಎಂದು ಮೂರು ತಿಂಗಳು ಮಾತು ಬಿಟ್ಟಿದ್ದರಂತೆ. ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದ್ದರು: ಮೈಮೇಲೆ ಏನೇನು ಹಾಕಬೇಕೋ ಎಲ್ಲವನ್ನೂ ತಮ್ಮ ಕಣ್ಣೆದುರಿಗೇ ಕೊಳ್ಳಬೇಕು.

ಹೊನ್ನಮ್ಮ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದರು. ಗ್ಲೌಸಿನ ಹೊಲಿಗೆ ಎಳೆದು ನೋಡಿದರು. ಜಾಕೆಟ್ಟಿನ ಮೊಣಕೈ ಪ್ಯಾಡನ್ನು ಬೆರಳಿನಿಂದ ಒತ್ತಿ, ಇದನ್ನು ಯಾರು ಪರೀಕ್ಷೆ ಮಾಡಿದ್ದು ಎಂದು ಕೇಳಿದರು. ನನಗೆ ಉತ್ಸಾಹ ಬಂದು ಯುರೋಪಿನವರ ಸಿಇ ಗುರುತು, ಅದರಲ್ಲಿ ಒಂದನೇ ದರ್ಜೆ ಎರಡನೇ ದರ್ಜೆ, ಎಲ್ಲ ಹೇಳಿದೆ. ಹೆಲ್ಮೆಟ್ಟಿನ ಸರದಿ ಬಂದಾಗ ಅವರು ಕೇಳಿದ್ದು ಒಂದೇ: ಬಿದ್ದರೆ ಇದು ಏನು ಮಾಡುತ್ತದೆ?

ಹೊರಗಿನ ಚಿಪ್ಪು ನೋಡುವುದಕ್ಕೆ ಮಾತ್ರ ದೊಡ್ಡದು, ನಿಜವಾದ ಕೆಲಸ ಒಳಗಿನ ಬಿಳಿಯದ್ದು ಎಂದು ತೋರಿಸಿದೆ. ಬಟ್ಟೆಯ ಹಿಂದೆ ಥರ್ಮಾಕೋಲ್ ಥರದ ದಪ್ಪ ಪದರ ಇರುತ್ತದೆ. ಪೆಟ್ಟು ಬಿದ್ದಾಗ ಅದು ನಜ್ಜುಗುಜ್ಜಾಗಿ ಪೆಟ್ಟನ್ನು ತಾನು ತಿನ್ನುತ್ತದೆ. ತಲೆಯ ಬದಲಿಗೆ ಅದು ಸಾಯುತ್ತದೆ. ಹೊನ್ನಮ್ಮ ಬಟ್ಟೆ ಸರಿಸಿ ಆ ಬಿಳಿಯದ್ದನ್ನು ಮುಟ್ಟಿ ನೋಡಿದರು.

ನನಗೆ ಆ ಹೊತ್ತಿಗೆ ಎಲ್ಲಿಲ್ಲದ ಜಂಬ ಬಂದಿತ್ತು. "ಒಂಬತ್ತು ಮಾತು ನಡೆಸಿದ್ರೆ ಸಾಕು ಹೊನ್ನಮ್ಮಕ್ಕ," ಎಂದೆ. "ನಿಮ್ಮ ಮಗಳ ತಲೆ ನನ್ನ ಜವಾಬ್ದಾರಿ."

ಅವರು ಹಲಗೆಯನ್ನು ಮೇಲಿನಿಂದ ಕೆಳಗೆ ಓದಿದರು. ಇದೆಲ್ಲ ಅವಳು ಮಾಡುವುದಾಯಿತು, ಮನೆಯಲ್ಲಿ ಕೂತವಳು ನಾನೇನು ಮಾಡಲಿ ಎಂದು ಕೇಳಿದರು. ಅಷ್ಟು ವರ್ಷದಲ್ಲಿ ಯಾವ ತಾಯಿಯೂ ಈ ಪ್ರಶ್ನೆ ಕೇಳಿರಲಿಲ್ಲ. ನಾನು ಆರನೇ ಸಾಲಿನ ಮೇಲೆ ಬೆರಳಿಟ್ಟೆ. ಮಳೆಗಾಲದಲ್ಲಿ ದಿನಾ ಒಣಗಿಸಿ, ಅಷ್ಟು ನೀವು ನೋಡಿಕೊಳ್ಳಿ ಎಂದೆ. ರಂಜಿತಾ ನಗುತ್ತ ಹಲಗೆಯ ಫೋಟೋ ತೆಗೆದುಕೊಂಡಳು. ಹೋಗುವಾಗ ಅದೇ ಥರದ ಇನ್ನೊಂದು ಹೆಲ್ಮೆಟ್ ಅಪ್ಪನಿಗೆ ಅಂತ ಕೊಂಡಳು, ಬೋಜಪ್ಪ ಎಸ್ಟೇಟಿಗೆ ಸ್ಕೂಟರಿನಲ್ಲಿ ಬರಿತಲೆಯಲ್ಲಿ ಹೋಗುತ್ತಿದ್ದರಂತೆ. ಹೆಲ್ಮೆಟ್ ಡಬ್ಬಿಯೊಳಗೆ ಇಂಗ್ಲಿಷಿನಲ್ಲಿ ಸಣ್ಣಕ್ಷರದ ಚೀಟಿ ಒಂದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ. ನಾನೂ ಓದಿ ಹೇಳಲಿಲ್ಲ.

ರಂಜಿತಾಳಂಥ ಗಿರಾಕಿ ನನಗೆ ಮತ್ತೆ ಸಿಕ್ಕಿಲ್ಲ. ಕನ್ಯಾಕುಮಾರಿಗೆ ಹೋದಾಗ ಎರಡು ಗಂಟೆಗೊಮ್ಮೆ ನಿಂತು ನನಗೆ ಮೆಸೇಜ್ ಹಾಕುತ್ತಿದ್ದಳು, ನೀರು ಕುಡಿದೆ ಅಣ್ಣ ಅಂತ. ಹಂಪಿಯ ನಲವತ್ತು ಡಿಗ್ರಿ ಬಿಸಿಲಿನಲ್ಲೂ ಜಾಕೆಟ್ ಬಿಚ್ಚಲಿಲ್ಲ. ಈ ವರ್ಷ ಜೂನ್‌ನಲ್ಲಿ ಒಮ್ಮೆ ಅಂಗಡಿಗೆ ಬಂದು, ಹೆಲ್ಮೆಟ್ ಯಾಕೋ ಸ್ವಲ್ಪ ಸಡಿಲ ಆದ ಹಾಗಿದೆ ಅಣ್ಣ ಎಂದಳು. ಬಳಸಿ ಬಳಸಿ ಕೆನ್ನೆಯ ಸ್ಪಂಜು ಕುಗ್ಗಿರುತ್ತದೆ ಎಂದು ಹೊಸದು ಹಾಕಿ ಕೊಟ್ಟೆ. ನೆತ್ತಿಯ ಬಟ್ಟೆ ಎತ್ತಿ ನೋಡಲಿಲ್ಲ. ಅಂಗಡಿಯಲ್ಲಿ ಜನ ಇದ್ದರು, ನಾನು ಯಾರನ್ನೋ ಬೈಯುತ್ತಿದ್ದೆ.

ಜುಲೈ ಕೊನೆಯ ಭಾನುವಾರ ಒಂಬತ್ತು ಜನ ಬೈಕಿನವರು ಶ್ರೀಮಂಗಲದ ಕಡೆ ಹೋಗಿ ವಾಪಸು ಬರುತ್ತಿದ್ದರು. ರಂಜಿತಾ ಮೂರನೆಯವಳು. ಅವರ ಗುಂಪಿನ ಮುಖಂಡ ಕೀರ್ತಿಕುಮಾರ್ ಅವಳ ಹಿಂದೆಯೇ ಇದ್ದ. ಪೊನ್ನಂಪೇಟೆ ತಲುಪುವ ಮೊದಲು ಒಂದು ತಿರುವಿನಲ್ಲಿ ಟ್ರಾಕ್ಟರ್ ಚಕ್ರದ ಕೆಸರು ರಸ್ತೆಗೆ ಮೆತ್ತಿಕೊಂಡಿತ್ತು. ಹಿಂದಿನ ಚಕ್ರ ಜಾರಿತು. ವೇಗ ನಲವತ್ತೂ ಇರಲಿಲ್ಲ ಎಂದು ಕೀರ್ತಿಕುಮಾರನೇ ಹೇಳಿದ. ಅವಳು ಎಡಕ್ಕೆ ಬಿದ್ದು, ಜಾರಿ, ಮೋರಿಯ ಕಟ್ಟೆಗೆ ತಲೆ ತಗುಲಿತು. ಹಾಗೆ ಬಿದ್ದರೆ ಜನ ಎದ್ದು ಪ್ಯಾಂಟು ಕೊಡವಿಕೊಂಡು ನಗುತ್ತಾರೆ. ಅವಳು ಏಳಲಿಲ್ಲ. ಮೈಸೂರಿನ ಆಸ್ಪತ್ರೆಯಲ್ಲಿ ಎರಡು ದಿನ ಇದ್ದಳು, ಆಮೇಲೆ ಹೋದಳು.

ಗಾಳಿಬೀಡಿಗೆ ಮಣ್ಣಿಗೆ ಹೋದಾಗ ನಾನು ನೋಡಬಾರದ್ದನ್ನು ನೋಡಿದೆ. ಗ್ಲೌಸಿನ ಅಂಗೈ ಹರಿದಿತ್ತಂತೆ, ಅವಳ ಅಂಗೈಯಲ್ಲಿ ಒಂದು ಗೀರೂ ಇರಲಿಲ್ಲ. ಮೊಣಕೈ, ಮಂಡಿ, ಕಾಲು ಎಲ್ಲ ಸರಿಯಾಗಿತ್ತು. ನಾನು ಕೊಟ್ಟದ್ದೆಲ್ಲ ತನ್ನ ಕೆಲಸ ಮಾಡಿತ್ತು. ಹೆಲ್ಮೆಟ್ ಒಂದು ಮಾಡಿರಲಿಲ್ಲ.

ವಾರ ಕಳೆಯುವುದರೊಳಗೆ ಕೀರ್ತಿಕುಮಾರ್ ಗುಂಪಿನ ವಾಟ್ಸಾಪಿನಲ್ಲಿ ಬರೆದ: ಮಹೇಶನ ಅಂಗಡಿಯ ಮಾಲು ಡೂಪ್ಲಿಕೇಟ್, ರಂಜಿತಾ ಹೋದದ್ದು ಅದಕ್ಕೇ. ಅದು ಮಡಿಕೇರಿ, ವಿರಾಜಪೇಟೆ, ಹುಣಸೂರು ಎಲ್ಲ ಸುತ್ತಿ ನನಗೇ ಬಂತು. ಸ್ಟಿಕ್ಕರ್ ಮಾರುವವರನ್ನು ಹತ್ತು ವರ್ಷ ಬೈದ ನಾನೇ ಸ್ಟಿಕ್ಕರ್ ಮಾರಿದವನಾದೆ. ಅಂಗಡಿಗೆ ಜನ ಬರುವುದು ನಿಂತಿತು. ನನಗೆ ಮೈಯೆಲ್ಲ ಉರಿಯಿತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಆ ದಿನಗಳಲ್ಲಿ ಸತ್ತ ಹುಡುಗಿಗಿಂತ ನನ್ನ ಹೆಸರಿನ ಚಿಂತೆಯೇ ನನಗೆ ಹೆಚ್ಚಾಗಿತ್ತು.

ಆಗಸ್ಟ್ ಕೊನೆಗೆ ಬೋಜಪ್ಪ ಬಂದರು. ಗೊಬ್ಬರದ ಚೀಲದಲ್ಲಿ ಸುತ್ತಿದ ಹೆಲ್ಮೆಟನ್ನು ಕೌಂಟರಿನ ಮೇಲಿಟ್ಟರು. ಪೊಲೀಸರು ವಾಪಸು ಕೊಟ್ಟದ್ದು. ಮೃದು ಮಾತಿನ ಮನುಷ್ಯ, ಜಗಳಕ್ಕೆ ಬಂದಿರಲಿಲ್ಲ.

"ಜನ ಏನೇನೋ ಹೇಳ್ತಾರೆ. ಹೊನ್ನಮ್ಮ ನಂಬುದಿಲ್ಲ," ಎಂದರು. "ಮಹೇಶಣ್ಣ ನೋಡಿ ಹೇಳ್ಲಿ, ಅವರು ಏನು ಹೇಳ್ತಾರೋ ಅದೇ ಸರಿ ಅಂತಾಳೆ. ಸರಿ ಇತ್ತಾ ಇಲ್ವಾ, ಅಷ್ಟು ಗೊತ್ತಾದ್ರೆ ಅವಳು ನಿದ್ದೆ ಮಾಡ್ತಾಳೆನೋ."

ಅವರು ಹೋದ ಮೇಲೆ ಬಾಗಿಲು ಅರ್ಧ ಎಳೆದು ಕೂತೆ. ಪಟ್ಟಿ ಗಟ್ಟಿಯಾಗಿತ್ತು. ತಯಾರಾದ ತಿಂಗಳು, ನಂಬರು, ಗುರುತು ಎಲ್ಲ ಅಸಲಿ. ಚಿಪ್ಪಿನ ಎಡಗಡೆ ಒಂದು ಬಿರುಕು. ಆ ಬಿರುಕಿನ ಹಿಂದೆ ಬಿಳಿಯದ್ದು ಪುಡಿಯಾಗಿರಬೇಕಿತ್ತು. ಒಳಗಿನ ಬಟ್ಟೆಯನ್ನೆಲ್ಲ ಕಿತ್ತು, ಗರಗಸದಿಂದ ಹೆಲ್ಮೆಟನ್ನು ಎರಡು ಹೋಳು ಮಾಡಿದೆ.

ಬಿರುಕಿನ ಹಿಂದೆ ಏನೂ ಪುಡಿಯಾಗಿರಲಿಲ್ಲ. ನೆತ್ತಿಯಿಂದ ಅಲ್ಲಿಯವರೆಗೂ ಆ ಪದರ ಅರ್ಧಕ್ಕರ್ಧ ಕುಗ್ಗಿ ಹೋಗಿತ್ತು. ಉಗುರಿನಿಂದ ಒತ್ತಿದರೆ ಗುರುತು ಬೀಳಬೇಕು, ಬೀಳಲಿಲ್ಲ. ಒಲೆಯ ಪಕ್ಕ ಮರೆತು ಬಿಟ್ಟ ಪ್ಲಾಸ್ಟಿಕ್ ಡಬ್ಬಿಯ ಹಾಗೆ ಹೊಳೆಯುತ್ತಿತ್ತು, ಗಟ್ಟಿಯಾಗಿತ್ತು. ಚಿಪ್ಪಿಗೂ ಅದಕ್ಕೂ ನಡುವೆ ನನ್ನ ಕಿರುಬೆರಳು ಹೋಗುವಷ್ಟು ಸಂದು. ಕಂಪನಿಯ ಎಂಜಿನಿಯರಿಗೆ ಫೋಟೋ ಕಳಿಸಿದೆ. ಅವರು ನೋಡಿದ ಕೂಡಲೇ ಹೇಳಿದರು: ಇದು ಒಂದು ದಿನದ ಕೆಲಸವಲ್ಲ, ತಿಂಗಳುಗಟ್ಟಲೆ ಇದಕ್ಕೆ ಯಾರೋ ಶಾಖ ಕೊಟ್ಟಿದ್ದಾರೆ, ಪೆಟ್ಟು ಬೀಳುವ ಮೊದಲೇ ಈ ಹೆಲ್ಮೆಟ್ ಸತ್ತಿತ್ತು. ಎರಡು ದಿನದಲ್ಲಿ ಕಂಪನಿಯ ಮುದ್ರೆ ಹಾಕಿದ ಪತ್ರವೂ ಬಂತು. ಹೆಲ್ಮೆಟ್ ಅಸಲಿ, ಬಳಸಿದವರು ಬೆಂಕಿಯ ಹತ್ತಿರ ಇಟ್ಟು ಕೆಡಿಸಿದ್ದಾರೆ ಎಂದು ಅದರಲ್ಲಿತ್ತು.

ಪತ್ರ ಓದಿ ನನಗೆ ಕುಣಿಯುವಷ್ಟು ಸಮಾಧಾನವಾಯಿತು. ಅದರ ಹಿಂದೆಯೇ ಸಿಟ್ಟು ಬಂತು. ಎಂಥ ಹುಡುಗಿ, ಎಷ್ಟು ಹೇಳಿದ್ದೆ, ಸೈಲೆನ್ಸರಿನ ಮೇಲೆ ಇಟ್ಟಳೋ, ಲ್ಯಾಬಿನ ಯಾವ ಮೆಷಿನ್ನಿನ ಮೇಲೆ ಇಟ್ಟಳೋ. ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಗಾಳಿಬೀಡಿಗೆ ಹೊರಟೆ. ಮೊದಲು ಹೊನ್ನಮ್ಮನಿಗೆ ತೋರಿಸುವುದು, ಆಮೇಲೆ ಕೀರ್ತಿಕುಮಾರನ ಮುಖಕ್ಕೆ ಹಿಡಿಯುವುದು. ಸುಂಟಿಕೊಪ್ಪದ ತನಕ ರಸ್ತೆ ಒಣಗಿತ್ತು. ಮಡಿಕೇರಿಯಲ್ಲಿ ಮಂಜು. ಗಾಳಿಬೀಡಿನ ದಾರಿ ಹಿಡಿಯುವಾಗ ಮಳೆ ಅಡ್ಡಡ್ಡ ಹೊಡೆಯತೊಡಗಿತು, ಮನೆ ಮುಟ್ಟುವಾಗ ನನ್ನ ಗ್ಲೌಸಿನೊಳಗೆ ನೀರು ತುಂಬಿತ್ತು.

ಹೊನ್ನಮ್ಮ ಬಾಗಿಲಿಗೆ ಬಂದರು. ಬೋಜಪ್ಪ ಹಿಂದೆ ದನ ಕಟ್ಟುತ್ತಿದ್ದಾರೆ, ಬರುತ್ತಾರೆ, ಒಳಗೆ ಬನ್ನಿ ಎಂದರು. ನನ್ನ ಕೈಯಿಂದ ಹೆಲ್ಮೆಟ್, ಗ್ಲೌಸು, ಜಾಕೆಟ್ ಮೂರನ್ನೂ ತೆಗೆದುಕೊಂಡು ಅಡಿಗೆಮನೆಯ ಪಕ್ಕದ ಕೋಣೆಗೆ ನಡೆದರು. ಅದು ಅವರ ಕೈಗೆ ಅಭ್ಯಾಸವಾದ ಕೆಲಸ. ನಾನು ಹಿಂದೆಯೇ ಹೋದೆ.

ಕೋಣೆಯ ನಡುವೆ ಅಗ್ಗಿಷ್ಟಿಕೆ ತುಂಬ ಕೆಂಡ. ಅದರ ಮೇಲೆ ಕವುಚಿ ಹಾಕಿದ ಬಿದಿರಿನ ದೊಡ್ಡ ಬುಟ್ಟಿ. ಬುಟ್ಟಿಯ ಸುತ್ತ ಟವೆಲು, ಕಾಲುಚೀಲ, ಬೋಜಪ್ಪನವರ ಖಾಕಿ ಚಡ್ಡಿ. ಎಲ್ಲಕ್ಕಿಂತ ಮೇಲೆ, ಬಾಯಿ ಕೆಳಗಾಗಿ ಕೂತಿದ್ದ ಹೆಲ್ಮೆಟ್. ರಂಜಿತಾ ಅಪ್ಪನಿಗೆಂದು ಕೊಂಡದ್ದು ಅದು. ಬಿಸಿಯೆಲ್ಲ ನೇರ ಅದರ ನೆತ್ತಿಗೆ ಹೋಗುತ್ತಿತ್ತು.

ಗೋಡೆಯ ಮೇಲೆ ನನ್ನ ಹಲಗೆಯ ಫೋಟೋ ಇತ್ತು. ದೊಡ್ಡದು ಮಾಡಿಸಿ, ಪ್ಲಾಸ್ಟಿಕ್ ಹಾಕಿಸಿ ಮೊಳೆ ಹೊಡೆದಿದ್ದರು. ಆರನೇ ಸಾಲಿನ ಕೆಳಗೆ ಪೆನ್ನಿನಲ್ಲಿ ಗೀಟು ಎಳೆದಿತ್ತು.

ಯಾವಾಗಲೂ ಇಲ್ಲೇ ಒಣಗಿಸುವುದಾ ಎಂದು ಕೇಳಿದೆ. ಏನೋ ಕೇಳಬೇಕಲ್ಲ.

"ಮತ್ತೆ ಎಲ್ಲಿ? ಈ ಊರಲ್ಲಿ ಜೂನಲ್ಲಿ ತಂತಿಗೆ ಹಾಕಿದ್ದು ಸೆಪ್ಟೆಂಬರ್‌ವರೆಗೂ ಒಣಗುದಿಲ್ಲ," ಎಂದರು ಹೊನ್ನಮ್ಮ. "ರಂಜಿ ಹುಟ್ಟಿದಾಗ ಅವಳ ಬಟ್ಟೆ ಎಲ್ಲ ಇದೇ ಬುಟ್ಟಿ ಮೇಲೆ ಒಣಗಿಸಿದ್ದು. ಅವಳು ಕೆಲಸದಿಂದ ಬಂದ ಕೂಡ್ಲೇ ಮೊದಲು ಹೆಲ್ಮೆಟ್ ಇಡುದು, ಆಮೇಲೆ ಕಾಫಿ."

ನನ್ನ ಹೆಲ್ಮೆಟನ್ನೂ ಅವರು ಬುಟ್ಟಿಯ ಮೇಲೆ ಇಡಲು ಹೋದರು. ಬೇಡ ಅಕ್ಕ, ಈಗಲೇ ಹೊರಡಬೇಕು ಎಂದು ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡೆ. ಅಂಗಿಯ ಜೇಬಿನಲ್ಲಿದ್ದ ಪತ್ರ ಎದೆಗೆ ಒತ್ತುತ್ತಿತ್ತು. ಅದನ್ನು ಹೊರತೆಗೆದರೆ ನನ್ನ ಅಂಗಡಿ ಉಳಿಯುತ್ತದೆ. ಹೊರತೆಗೆದರೆ ಈ ಹೆಂಗಸು ಉಳಿಯುವುದಿಲ್ಲ. ಬರುವ ದಾರಿಯಲ್ಲಿ ಯಾರಿಗೆ ಬೈಯಬೇಕೆಂದು ಮಾತು ಜೋಡಿಸಿಕೊಂಡಿದ್ದೆನೋ ಆ ಮಾತೆಲ್ಲ ಗೋಡೆಯ ಮೇಲಿನ ನನ್ನದೇ ಅಕ್ಷರದ ಕಡೆಗೆ ತಿರುಗಿತು.

ಹೊನ್ನಮ್ಮ ನೇರವಾಗಿ ಕೇಳಿದರು. ನೋಡಿದಿರಾ, ಸರಿ ಇತ್ತಾ?

"ಇಲ್ಲ ಅಕ್ಕ," ಎಂದೆ. "ಆ ಹೆಲ್ಮೆಟ್ ಸರಿ ಇರಲಿಲ್ಲ. ಒಳಗಿನದು ಕೆಟ್ಟಿತ್ತು. ನಾನು ನೋಡ್ಕೊಂಡು ಕೊಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನನ್ನದು."

ಅದು ಪೂರ್ತಿ ಸುಳ್ಳಲ್ಲ. ಜೂನಿನಲ್ಲಿ ಅವಳು ಸಡಿಲ ಎಂದಾಗ ನೆತ್ತಿಯ ಬಟ್ಟೆ ಎತ್ತಿದ್ದರೆ ಸಾಕಿತ್ತು. ಹಾಗೆ ನನಗೆ ನಾನೇ ಹೇಳಿಕೊಂಡೆ. ಹೊನ್ನಮ್ಮ ಬುಟ್ಟಿಯ ಮೇಲಿದ್ದ ಹೆಲ್ಮೆಟ್ ಕಡೆ ನೋಡಿ, ಹಾಗಾದರೆ ಇವರದೂ ಅದೇ ದಿನ ತಂದದ್ದಲ್ಲವಾ ಎಂದರು.

ನಾನು ಕಾಯುತ್ತಿದ್ದದ್ದೂ ಅದಕ್ಕೇ. ಹೌದು, ಅದೂ ಅದೇ ಲಾಟು, ನಾನು ತೆಗೆದುಕೊಂಡು ಹೋಗುತ್ತೇನೆ, ನಾಳೆ ಹೊಸದು ಕಳಿಸುತ್ತೇನೆ ಎಂದು ಬುಟ್ಟಿಯ ಮೇಲಿನಿಂದ ಹೆಲ್ಮೆಟ್ ಎತ್ತಿದೆ. ಮುಟ್ಟಿದರೆ ಕೈಗೆ ಚುರುಕೆನ್ನುವಷ್ಟು ಬಿಸಿ. ಹೆಬ್ಬೆರಳನ್ನು ಒಳಗೆ ತೂರಿಸಿ ಬಟ್ಟೆಯ ಹಿಂದೆ ಒತ್ತಿದೆ. ಗಟ್ಟಿಯಾಗಿತ್ತು. ಇಷ್ಟು ದಿನ ಇದನ್ನು ಹಾಕಿಕೊಂಡೂ ಬೋಜಪ್ಪ ಬರಿತಲೆಯಲ್ಲೇ ಎಸ್ಟೇಟಿಗೆ ಹೋಗಿ ಬಂದಿದ್ದರು.

ಅಲ್ಲಿಗೇ ಬಿಟ್ಟು ಬರಬಹುದಿತ್ತು. ಆದರೆ ನಾಳೆ ಹೊಸದು ಬರುತ್ತದೆ, ನಾಳೆಯೇ ಅದು ಈ ಬುಟ್ಟಿಯ ಮೇಲೆ ಕೂರುತ್ತದೆ. ಹೇಳದೆ ಬಂದರೆ ನಾನು ಎರಡನೇ ಸಲ ಅದೇ ಕೆಲಸ ಮಾಡಿದ ಹಾಗೆ. ಸಾಧ್ಯವಾದಷ್ಟು ಸಲೀಸಾಗಿ ಹೇಳಲು ನೋಡಿದೆ.

"ಅಕ್ಕ, ಹೊಸದನ್ನ ಮಾತ್ರ ಕೆಂಡದ ಹತ್ರ ಇಡ್ಬೇಡಿ. ಒಳಗಿನ ಬಟ್ಟೆ ಬಿಚ್ಚಕ್ಕೆ ಬರುತ್ತೆ, ಅದನ್ನ ಮಾತ್ರ ತೊಳೆದು ದೂರದಲ್ಲಿ ಒಣಗಿಸಿ. ಹೆಲ್ಮೆಟ್ ಗಾಳಿಗೆ ನೇತು ಹಾಕಿ. ಒದ್ದೆ ಇದ್ರೂ ಪರವಾಗಿಲ್ಲ."

ಹೊನ್ನಮ್ಮ ಬುಟ್ಟಿಯನ್ನು ನೋಡಿದರು. ನನ್ನ ಕೈಯಲ್ಲಿದ್ದ ಹೆಲ್ಮೆಟ್ ನೋಡಿದರು. ನನ್ನ ಹೆಬ್ಬೆರಳು ಇನ್ನೂ ಅದರೊಳಗೇ ಇತ್ತು. ಅವರು ಹತ್ತಿರ ಬಂದು, ಹೋದ ವರ್ಷ ಅಂಗಡಿಯಲ್ಲಿ ಮಾಡಿದ ಹಾಗೆಯೇ ಬಟ್ಟೆ ಸರಿಸಿ ಬಿಳಿಯದ್ದನ್ನು ಮುಟ್ಟಿದರು. ಆವತ್ತು ಅದು ಹೇಗಿತ್ತು ಎಂದು ಆ ಬೆರಳಿಗೆ ನೆನಪಿತ್ತು.

"ಹೊಸದಕ್ಕೆ ಮಾತ್ರ ಹಾಗಾ?" ಎಂದರು.

ಹೌದು ಎಂದೆ.

ಅವರು ಗೋಡೆಯ ಕಡೆ ತಿರುಗಿ ನಿಂತರು. ಗೀಟು ಎಳೆದ ಸಾಲನ್ನು ಓದುತ್ತಿದ್ದರೋ ಸುಮ್ಮನೆ ನೋಡುತ್ತಿದ್ದರೋ ಗೊತ್ತಾಗಲಿಲ್ಲ. ನನಗೆ ಆ ಹೊತ್ತಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. "ಒಣಗಿಸಿ ಅಂದವನು ನಾನು ಅಕ್ಕ. ಹೇಗೆ ಅಂತ ಹೇಳ್ಲಿಲ್ಲ. ನಿಮ್ಮ ಊರಿನ ಮಳೆ ನನಗೆ ಹೊಳೀಲೇ ಇಲ್ಲ," ಎಂದುಬಿಟ್ಟೆ. ಹೇಳಬಾರದೆಂದು ಬಂದದ್ದನ್ನು ಹಾಗೆ ನಾನೇ ಹೇಳಿ ಮುಗಿಸಿದೆ.

ಆಗ ಬೋಜಪ್ಪ ಹಿತ್ತಲಿನಿಂದ ಬಂದರು. ತಲೆಯ ನೀರು ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತು, ಏನಂತೆ ಎಂದು ಹೆಂಡತಿಯನ್ನು ಕೇಳಿದರು. ನಾನು ಬಾಯಿ ತೆರೆದೆ. ಹೊನ್ನಮ್ಮ ನನಗಿಂತ ಮೊದಲೇ ಹೇಳಿದರು.

"ಹೆಲ್ಮೆಟ್ ಅಸಲಿಯೇ. ಮಹೇಶಣ್ಣ ನಮಗೆ ಮೋಸ ಮಾಡ್ಲಿಲ್ಲ. ಆ ಕೀರ್ತಿಕುಮಾರನಿಗೆ ಫೋನ್ ಮಾಡಿ ಹೇಳಿ, ಇನ್ನು ಆ ಮಾತು ಆಡುದು ಬೇಡ ಅಂತ."

ಬೋಜಪ್ಪನವರ ಮುಖದಲ್ಲಿ ತಿಂಗಳ ಮೇಲೆ ಸ್ವಲ್ಪ ನೆಮ್ಮದಿ ಕಂಡಿತು. ನನ್ನ ಭುಜ ಮುಟ್ಟಿ, ನಂಗೆ ಗೊತ್ತುಟ್ಟು, ಮೊದಲೇ ಗೊತ್ತುಟ್ಟು ಎಂದು ತಮ್ಮ ಮನೆಮಾತಿನಲ್ಲೇ ಹೇಳಿದರು. ಒಳಗೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಫೋನ್ ಹಿಡಿದು ಜಗಲಿಗೆ ಹೋದರು.

ಹೊನ್ನಮ್ಮ ಬುಟ್ಟಿಯ ಮೇಲಿನ ಬಟ್ಟೆಗಳನ್ನು ಒಂದೊಂದಾಗಿ ತೆಗೆಯತೊಡಗಿದರು. ಅವು ಇನ್ನೂ ಒಣಗಿರಲಿಲ್ಲ. ಒದ್ದೆ ಟವೆಲನ್ನು ನಾಲ್ಕು ಮಡಿಕೆ ಮಾಡಿ ಪಕ್ಕಕ್ಕಿಟ್ಟರು, ಕಾಲುಚೀಲಗಳನ್ನು ಜೋಡಿ ಮಾಡಿದರು.

"ದಿನಾ ಒಣಗಿಸಿದೆ," ಎಂದರು. "ಜ್ವರ ಬಂದು ಮಲಗಿದ ದಿನ ಕೂಡ ಎದ್ದು ಕೆಂಡ ಮಾಡಿ ಇಟ್ಟೆ. ಎರಡು ಮಳೆಗಾಲ. ಒಂದು ದಿನವೂ ತಪ್ಪಿಸ್ಲಿಲ್ಲ ಮಹೇಶಣ್ಣ."

ಹೌದು ಅಕ್ಕ ಎಂದೆ. ಜಗಲಿಯಲ್ಲಿ ಬೋಜಪ್ಪ ಮಳೆಯ ಸದ್ದಿಗಿಂತ ಜೋರಾಗಿ, ಹೆಲ್ಮೆಟ್ಟಿನಲ್ಲಿ ಯಾವ ದೋಷವೂ ಇರಲಿಲ್ಲವಂತೆ ಎಂದು ಫೋನಿನಲ್ಲಿ ಹೇಳುತ್ತಿದ್ದರು.